ಬ್ರೇಕ್ ಪೆಡಲ್ ಹೇಳುವುದೇನು? ಮನೆಯಲ್ಲೇ ರಿಪೇರಿ ಮಾಡಿದ ನಂತರ ದೋಷ ಪತ್ತೆಹಚ್ಚುವ ಬಗೆ

ಕಾರಿನ ಬ್ರೇಕ್ ಪ್ಯಾಡ್ ಬದಲಾಯಿಸುವುದು, ಹಳೆಯ ಬ್ರೇಕ್ ಆಯಿಲ್ ತೆಗೆದು ಹೊಸದನ್ನು ತುಂಬುವುದು ಮುಂತಾದ ಕೆಲಸಗಳನ್ನು ಮನೆಯಂಗಳದಲ್ಲೇ ಮಾಡಿಕೊಳ್ಳುವ ಮಾಲೀಕರು ಈಗ ಅಪರೂಪವಲ್ಲ. ಬಿಡಿಭಾಗಗಳು ಅಂಗಡಿಯಲ್ಲಿ ದೊರೆಯುತ್ತವೆ, ಸ್ಪ್ಯಾನರ್ ಸೆಟ್ ಮನೆಯಲ್ಲಿರುತ್ತದೆ, ಮಾಡುವ ವಿಧಾನವನ್ನು ಮೊಬೈಲ್‌ನಲ್ಲೇ ನೋಡಬಹುದು. ಆದರೆ ಕೆಲಸ ಮುಗಿಸಿ, ಚಕ್ರ ಬಿಗಿದು, ಸೀಟಿನಲ್ಲಿ ಕುಳಿತು ಪೆಡಲ್ ಒತ್ತಿದಾಗ ಅದು ಮೊದಲಿನಂತಿಲ್ಲ ಎಂಬ ಅನುಭವ ಅನೇಕರಿಗೆ ಆಗುತ್ತದೆ. ಕೆಲವೊಮ್ಮೆ ಪೆಡಲ್ ನೆಲದವರೆಗೆ ಇಳಿದುಬಿಡುತ್ತದೆ. ಕೆಲವೊಮ್ಮೆ ಸ್ಪಂಜಿನಂತೆ ಮೆತ್ತಗಿರುತ್ತದೆ. ಮತ್ತೆ ಕೆಲವೊಮ್ಮೆ ಕಲ್ಲಿನಂತೆ ಗಟ್ಟಿಯಾಗಿ ಕಾರು ನಿಲ್ಲುವುದೇ ಇಲ್ಲ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ನಡೆಯುತ್ತವೆ. ಒಂದು, ‘ನಾಲ್ಕು ದಿನ ಓಡಿಸಿದರೆ ಸರಿಹೋಗುತ್ತದೆ’ ಎಂದು ಕಾರನ್ನು ರಸ್ತೆಗಿಳಿಸುವುದು. ಮೊದಲನೆಯ ತಪ್ಪಿನಿಂದ ಜೀವಕ್ಕೆ ಅಪಾಯ. ಇನ್ನೊಂದು, ಊಹೆಯ ಮೇಲೆ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಇತ್ಯಾದಿ ದುಬಾರಿ ಭಾಗಗಳನ್ನು ಒಂದೊಂದಾಗಿ ಬದಲಾಯಿಸುತ್ತಾ ಹೋಗುವುದು. ಇದರಿಂದ ಹಣ ನಷ್ಟ, ಜತೆಗೆ ದೋಷವೂ ಹಾಗೆಯೇ ಉಳಿಯುತ್ತದೆ. ವಾಸ್ತವದಲ್ಲಿ ಪೆಡಲ್‌ನ ವರ್ತನೆಯೇ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ತಿಳಿಸುತ್ತದೆ. ಏನನ್ನೂ ಮತ್ತೆ ಬಿಚ್ಚದೆ, ನಿಂತ ಕಾರಿನಲ್ಲೇ ಹದಿನೈದು ನಿಮಿಷ ಪರೀಕ್ಷಿಸಿದರೆ ಹುಡುಕಬೇಕಾದ ಜಾಗ ಯಾವುದೆಂದು ಗೊತ್ತಾಗುತ್ತದೆ. ಆ ಪರೀಕ್ಷೆಗಳು ಯಾವುವು, ಅವುಗಳ ಫಲಿತಾಂಶವನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಪಾದದಿಂದ ಚಕ್ರದವರೆಗೆ

ನಮ್ಮ ರಸ್ತೆಗಳಲ್ಲಿ ಓಡಾಡುವ ಆಲ್ಟೊ, ವ್ಯಾಗನ್ ಆರ್‌ನಂಥ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್, ಹಿಂದಿನ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುತ್ತದೆ. ಪೆಡಲ್ ಒತ್ತಿದಾಗ ಅದರ ಹಿಂದಿರುವ ಬೂಸ್ಟರ್ ಎಂಜಿನ್‌ನ ನಿರ್ವಾತವನ್ನು ಬಳಸಿಕೊಂಡು ಪಾದದ ಬಲವನ್ನು ಹೆಚ್ಚಿಸುತ್ತದೆ. ಆ ಬಲ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ಅನ್ನು ತಳ್ಳುತ್ತದೆ. ಪಿಸ್ಟನ್ ಮುಂದಿರುವ ಆಯಿಲ್ ಕೊಳವೆಗಳ ಮೂಲಕ ಒತ್ತಡವನ್ನು ನಾಲ್ಕೂ ಚಕ್ರಗಳಿಗೆ ಮುಟ್ಟಿಸುತ್ತದೆ. ಮುಂದೆ ಕ್ಯಾಲಿಪರ್ ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತಿದರೆ, ಹಿಂದೆ ವೀಲ್ ಸಿಲಿಂಡರ್ ಬ್ರೇಕ್ ಶೂಗಳನ್ನು ಡ್ರಮ್‌ನ ಒಳಮೈಗೆ ಒತ್ತುತ್ತದೆ.

ದ್ರವವನ್ನು ಒತ್ತಿ ಕುಗ್ಗಿಸಲಾಗದು ಎಂಬ ತತ್ತ್ವದ ಮೇಲೆ ಈ ಇಡೀ ವ್ಯವಸ್ಥೆ ನಿಂತಿದೆ. ಗಾಳಿಯನ್ನಾದರೋ ಸುಲಭವಾಗಿ ಕುಗ್ಗಿಸಬಹುದು. ಇದರ ಪರಿಣಾಮ ಎಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಮಾಸ್ಟರ್ ಸಿಲಿಂಡರ್‌ನ ವ್ಯಾಸ 20 ಮಿ.ಮೀ., ಪಿಸ್ಟನ್ ಚಲಿಸುವ ದೂರ 25 ಮಿ.ಮೀ. ಎಂದಿಟ್ಟುಕೊಂಡರೆ, ಪೆಡಲ್ ಪೂರ್ತಿ ಒತ್ತಿದಾಗ ಹೊರಡುವ ಆಯಿಲ್ 8 ಮಿ.ಲೀ.ಗೂ ಕಡಿಮೆ. ಕೊಳವೆಯೊಳಗೆ ಕೇವಲ 1 ಮಿ.ಲೀ., ಅಂದರೆ ಸುಮಾರು ಇಪ್ಪತ್ತು ಹನಿ ನೀರಿನಷ್ಟು ಜಾಗ ಹಿಡಿಯುವ ಗಾಳಿ ಉಳಿದಿದ್ದರೆ ಪಿಸ್ಟನ್ 3 ಮಿ.ಮೀ.ನಷ್ಟು ದೂರವನ್ನು ಆ ಗಾಳಿಯನ್ನು ಕುಗ್ಗಿಸುವುದಕ್ಕೇ ವ್ಯಯಿಸುತ್ತದೆ. ಪೆಡಲ್ ಒಂದು ಸನ್ನೆಕೋಲಾಗಿದ್ದು, ಅದರ ಅನುಪಾತ ನಾಲ್ಕಕ್ಕೆ ಒಂದು ಎಂದಿಟ್ಟುಕೊಂಡರೆ ಪಾದದಡಿಯಲ್ಲಿ ಅದು 12ರಿಂದ 13 ಮಿ.ಮೀ. ಆಗುತ್ತದೆ. ಒಂದು ಗುಳ್ಳೆ ಪೆಡಲ್‌ನ ಸ್ಪರ್ಶವನ್ನೇ ಬದಲಿಸುವುದು ಹೀಗೆ.

ಚಕ್ರದ ಬಳಿ ಪ್ಯಾಡ್ ಅಥವಾ ಶೂಗಳ ಅಂತರ ತುಸು ಹೆಚ್ಚಾದರೂ ಇದೇ ರೀತಿ ಪೆಡಲ್ ಹೆಚ್ಚು ಕೆಳಗಿಳಿಯುತ್ತದೆ. ಆದರೆ ಆ ಅಂತರ ಮುಗಿದ ಮೇಲೆ ಅದು ಗಟ್ಟಿಯಾಗಿ ನಿಲ್ಲುತ್ತದೆ. ಗಾಳಿಯಿದ್ದರೆ ಮಾತ್ರ ಕೊನೆಯವರೆಗೂ ಪುಟಿಯುವಂತಿರುತ್ತದೆ. ದೋಷ ಪತ್ತೆಯಲ್ಲಿ ಮೊದಲು ಗುರುತಿಸಬೇಕಾದ ವ್ಯತ್ಯಾಸ ಇದು.

ಪರೀಕ್ಷೆಗೆ ಮುನ್ನ

ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಅಥವಾ ಮರದ ಅಡೆ ಕೊಡಬೇಕು. ಕಾರಿನಡಿ ಕೈ ಹಾಕುವುದಿದ್ದರೆ ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಬೇಕು. ಬಾನೆಟ್ ತೆರೆದು ಆಯಿಲ್ ಡಬ್ಬಿಯಲ್ಲಿನ ಮಟ್ಟ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ ಇದೆಯೇ ಎಂದು ನೋಡಬೇಕು. ನಾಲ್ಕೂ ಚಕ್ರಗಳ ಒಳಭಾಗ, ಕೊಳವೆಗಳ ಜೋಡಣೆ, ಮಾಸ್ಟರ್ ಸಿಲಿಂಡರ್‌ನ ಕೆಳಭಾಗಗಳಲ್ಲಿ ಎಲ್ಲಾದರೂ ತೇವವಿದೆಯೇ ಎಂಬುದನ್ನು ಟಾರ್ಚ್ ಹಾಕಿ ಪರಿಶೀಲಿಸಬೇಕು.

ಇಲ್ಲಿ ಮತ್ತೊಂದು ಸೂತ್ರ ನೆರವಾಗುತ್ತದೆ: ಕೊನೆಯದಾಗಿ ಕೈ ಹಾಕಿದ ಭಾಗವನ್ನೇ ಮೊದಲು ಅನುಮಾನಿಸಬೇಕು. ರಿಪೇರಿಗೆ ಮುನ್ನ ಚೆನ್ನಾಗಿದ್ದ ಪೆಡಲ್ ರಿಪೇರಿಯ ನಂತರ ಕೆಟ್ಟಿದ್ದರೆ, ಬಹುತೇಕ ಕಾರಣ ಬಿಚ್ಚಿದ ಜಾಗದಲ್ಲೇ ಇರುತ್ತದೆ. ಮುಟ್ಟದೇ ಇದ್ದ ಮಾಸ್ಟರ್ ಸಿಲಿಂಡರ್ ಅದೇ ದಿನ ಕಾಕತಾಳೀಯವಾಗಿ ಕೆಡುವ ಸಾಧ್ಯತೆ ಕಡಿಮೆ. ಇದಕ್ಕೆ ಒಂದೇ ಒಂದು ಮುಖ್ಯ ಅಪವಾದವಿದ್ದು, ಅದನ್ನು ಮುಂದೆ ವಿವರಿಸಲಾಗಿದೆ.

ನಿಂತ ಕಾರಿನಲ್ಲೇ ನಾಲ್ಕು ಪರೀಕ್ಷೆಗಳು

1. ಎಂಜಿನ್ ಆಫ್ ಇರುವಾಗ ಪೆಡಲ್ ಅನ್ನು ನಾಲ್ಕೈದು ಬಾರಿ ಒತ್ತಿ ಬಿಡಬೇಕು. ಇದರಿಂದ ಬೂಸ್ಟರ್‌ನಲ್ಲಿ ಉಳಿದಿರುವ ನಿರ್ವಾತ ಖಾಲಿಯಾಗುತ್ತದೆ. ಅರ್ಧ ನಿಮಿಷ ಬಿಟ್ಟು ಒಮ್ಮೆ ನಿಧಾನವಾಗಿ ಒತ್ತಿ, ಪೆಡಲ್ ಎಷ್ಟು ಎತ್ತರದಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ನಂತರ ಬೇಗ ಬೇಗನೆ ಮೂರು ಬಾರಿ ಒತ್ತಬೇಕು. ಎತ್ತರ ಬದಲಾಗದಿದ್ದರೆ ಒಳ್ಳೆಯದು. ಪ್ರತಿ ಬಾರಿ ಮೇಲೇರುತ್ತಾ ಹೋದರೆ ಗಾಳಿ ಸಿಕ್ಕಿಕೊಂಡಿದೆ ಅಥವಾ ಚಕ್ರದ ಬಳಿ ಅಂತರ ಹೆಚ್ಚಾಗಿದೆ ಎಂದರ್ಥ.

2. ಪೆಡಲ್ ಅನ್ನು ಒಂದೇ ಬಲದಲ್ಲಿ ಒತ್ತಿ ಒಂದು ನಿಮಿಷ ಹಿಡಿದಿಡಬೇಕು. ಅದು ಅಲುಗಾಡದೆ ನಿಲ್ಲಬೇಕು. ನಿಧಾನವಾಗಿ ಕುಸಿದರೆ ಆಯಿಲ್ ಎಲ್ಲಿಂದಲೋ ಜಾರುತ್ತಿದೆ.

3. ಪೆಡಲ್ ಒತ್ತಿ ಹಿಡಿದಿರುವಾಗಲೇ ಎಂಜಿನ್ ಚಾಲೂ ಮಾಡಬೇಕು. ಪೆಡಲ್ ಪಾದದಡಿಯಲ್ಲಿ ಸ್ವಲ್ಪ ಕೆಳಗಿಳಿದು ನಿಂತರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಏನೂ ಬದಲಾಗದಿದ್ದರೆ ಬೂಸ್ಟರ್‌ಗೆ ನಿರ್ವಾತ ತಲುಪುತ್ತಿಲ್ಲ ಅಥವಾ ಬೂಸ್ಟರ್ ಕೆಟ್ಟಿದೆ.

4. ಎಂಜಿನ್ ಎರಡು ನಿಮಿಷ ಓಡಿಸಿ ಆಫ್ ಮಾಡಬೇಕು. ಐದು ನಿಮಿಷದ ಬಳಿಕ ಪೆಡಲ್ ಒತ್ತಿದರೆ ಮೊದಲ ಒಂದೆರಡು ಬಾರಿ ಸುಲಭವಾಗಿ ಇಳಿದು, ಮುಂದೆ ಗಟ್ಟಿಯಾಗುತ್ತಾ ಹೋಗಬೇಕು. ಮೊದಲ ಬಾರಿಯೇ ಗಟ್ಟಿಯಾಗಿದ್ದರೆ ಬೂಸ್ಟರ್ ಪೈಪಿನಲ್ಲಿರುವ ಏಕಮುಖ ವಾಲ್ವ್ ಅಥವಾ ಪೈಪ್‌ನಿಂದ ನಿರ್ವಾತ ಸೋರುತ್ತಿದೆ.

ಎಂಜಿನ್ ಆಫ್ ಇರುವಾಗ ಗಟ್ಟಿಯಾಗಿರುವ ಪೆಡಲ್ ಎಂಜಿನ್ ಚಾಲೂ ಆದಾಗ ಕೊಂಚ ಕೆಳಗಿಳಿದು ಮೃದುವಾಗುವುದು ಸಹಜ. ಇದನ್ನೇ ದೋಷವೆಂದು ಭಾವಿಸಿ ಮತ್ತೆ ಮತ್ತೆ ಏರ್ ತೆಗೆಯುವವರಿದ್ದಾರೆ. ಸಾಧ್ಯವಾದರೆ ಅದೇ ಮಾದರಿಯ ಮತ್ತೊಂದು ಕಾರಿನ ಪೆಡಲ್ ಒತ್ತಿ ಹೋಲಿಸಿ ನೋಡುವುದು ಉತ್ತಮ.

ಮೊದಲ ಸಲವೇ ಪೆಡಲ್ ನೆಲ ಮುಟ್ಟಿದರೆ

ಹೊಸ ಪ್ಯಾಡ್ ಹಾಕುವಾಗ ಜಾಗ ಸಾಲದೆಂದು ಕ್ಯಾಲಿಪರ್ ಪಿಸ್ಟನ್ ಅನ್ನು ಒಳಕ್ಕೆ ತಳ್ಳಲಾಗುತ್ತದೆ. ಆದ್ದರಿಂದ ಕೆಲಸ ಮುಗಿದ ಮೇಲೆ ಮೊದಲ ಬಾರಿ ಒತ್ತಿದ ಪೆಡಲ್ ಏನೂ ತಡೆಯಿಲ್ಲದೆ ಕೆಳಕ್ಕೆ ಹೋಗುತ್ತದೆ. ಕಾರಿನ ಎಂಜಿನ್ ಚಾಲೂ ಮಾಡುವುದಕ್ಕೂ ಮೊದಲು ಪೆಡಲ್ ಅನ್ನು ಅರ್ಧದಷ್ಟು ಮಾತ್ರ ಒತ್ತುತ್ತಾ, ಗಟ್ಟಿಯಾಗುವವರೆಗೆ ಪಂಪ್ ಮಾಡಬೇಕು. ಈ ಒಂದು ಹೆಜ್ಜೆಯನ್ನು ಮರೆತು ಕಾರನ್ನು ಹಿಂದಕ್ಕೆ ತೆಗೆದರೆ ಗೇಟಿಗೋ ಗೋಡೆಗೋ, ಅಥವಾ ಹಿಂದೆ ನಿಂತ ಮಗುವಿಗೋ ಗುದ್ದುವ ಅಪಾಯವಿದೆ. ಆಗ ಒತ್ತಿದ ಮೊದಲ ಬ್ರೇಕ್ ಬ್ರೇಕೇ ಅಲ್ಲ.

ಹತ್ತು ಹದಿನೈದು ಬಾರಿ ಪಂಪ್ ಮಾಡಿದರೂ ಪೆಡಲ್ ಮೇಲೇರದಿದ್ದರೆ ಸೋರಿಕೆ, ಖಾಲಿಯಾದ ಆಯಿಲ್ ಡಬ್ಬಿ ಅಥವಾ ಜಾಗ ಬಿಟ್ಟು ಕೂತ ಪ್ಯಾಡ್ ಕಾರಣವಾಗಿರಬಹುದು.

ಸ್ಪಂಜಿನಂಥ ಪೆಡಲ್: ಗಾಳಿ ಎಲ್ಲಿ ಉಳಿದಿದೆ?

ಮನೆ ರಿಪೇರಿಯ ನಂತರ ಅತಿ ಹೆಚ್ಚಾಗಿ ಕಾಣುವ ದೋಷ ಇದು. ಕೊಳವೆ ಬಿಚ್ಚಿದ್ದರೆ, ಕ್ಯಾಲಿಪರ್ ಬದಲಿಸಿದ್ದರೆ ಅಥವಾ ಏರ್ ತೆಗೆಯುವಾಗ ಡಬ್ಬಿಯ ಆಯಿಲ್ ತಳ ಮುಟ್ಟಿದ್ದರೆ ಗಾಳಿ ಒಳ ಸೇರುತ್ತದೆ. ‘ಎರಡು ಬಾರಿ ಬ್ಲೀಡಿಂಗ್ ಮಾಡಿದೆ, ಗುಳ್ಳೆ ಬರುವುದು ನಿಂತಿತು, ಆದರೂ ಪೆಡಲ್ ಮೆತ್ತಗಿದೆ’ ಎನ್ನುವವರು ಈ ಕೆಳಗಿನ ಅಂಶಗಳನ್ನು ಒಂದೊಂದಾಗಿ ಪರಿಶೀಲಿಸಬೇಕು.

ಕ್ಯಾಲಿಪರ್‌ಗಳು ಅದಲು ಬದಲಾಗಿವೆಯೇ? ಗಾಳಿ ಯಾವಾಗಲೂ ಮೇಲಕ್ಕೇ ಏರುತ್ತದೆ. ಆದ್ದರಿಂದ ಬ್ಲೀಡಿಂಗ್ ನಿಪ್ಪಲ್ ಕ್ಯಾಲಿಪರ್‌ನ ಮೇಲ್ಭಾಗದಲ್ಲಿರಬೇಕು. ಎಡಗಡೆಯ ಕ್ಯಾಲಿಪರ್ ಅನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿದರೆ ಅನೇಕ ಕಾರುಗಳಲ್ಲಿ ಅವು ಸರಿಯಾಗಿಯೇ ಕೂರುತ್ತವೆ. ಆದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಗ ಎಷ್ಟು ಲೀಟರ್ ಆಯಿಲ್ ಸುರಿದರೂ ಒಳಗಿನ ಗಾಳಿ ಹೊರಬರುವುದಿಲ್ಲ. ಎರಡೂ ಕ್ಯಾಲಿಪರ್‌ಗಳನ್ನು ಒಟ್ಟಿಗೆ ಬದಲಿಸಿದವರು ಮೊದಲು ನೋಡಬೇಕಾದುದು ಇದನ್ನೇ.

ಏರ್ ತೆಗೆದ ಕ್ರಮ ಸರಿಯಾಗಿದೆಯೇ? ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಚಕ್ರದಿಂದ ಆರಂಭಿಸಿ ಹತ್ತಿರದ ಚಕ್ರಕ್ಕೆ ಬರುವುದು ಹಳೆಯ ರೂಢಿ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಕಾರುಗಳಲ್ಲಿ ಅತಿ ದೂರದ್ದು ಸಾಮಾನ್ಯವಾಗಿ ಹಿಂದಿನ ಎಡ ಚಕ್ರ. ಆದರೆ ಮುಂದಿನ ಚಕ್ರ ಎಳೆಯುವ ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಕೊಳವೆಗಳು ಕರ್ಣರೇಖೆಯಂತೆ ಜೋಡಿಯಾಗಿದ್ದು, ಒಂದು ಮುಂದಿನ ಚಕ್ರ ಮತ್ತು ಅದರ ಎದುರು ಮೂಲೆಯ ಹಿಂದಿನ ಚಕ್ರ ಒಂದೇ ವಿಭಾಗಕ್ಕೆ ಸೇರಿರುತ್ತವೆ. ಇಂಥ ಕಾರುಗಳಿಗೆ ತಯಾರಕರು ಬೇರೆ ಕ್ರಮವನ್ನೇ ಸೂಚಿಸಿರುತ್ತಾರೆ. ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವ ಕ್ರಮವೇ ಅಂತಿಮ.

ಪೆಡಲ್ ಒತ್ತಿದ ರೀತಿ ಹೇಗಿತ್ತು? ಒಬ್ಬರು ಪೆಡಲ್ ಅನ್ನು ನಿಧಾನವಾಗಿ ಒತ್ತಿ ಹಿಡಿಯಬೇಕು. ಇನ್ನೊಬ್ಬರು ನಿಪ್ಪಲ್ ಅನ್ನು ಕಾಲು ಸುತ್ತು ಸಡಿಲಿಸಿ ಆಯಿಲ್ ಹೊರಬಿಟ್ಟು ಮತ್ತೆ ಬಿಗಿಯಬೇಕು. ಅದಾದ ಮೇಲೆಯೇ ಪೆಡಲ್ ಬಿಡಬೇಕು. ನಿಪ್ಪಲ್ ಬಿಗಿಯುವ ಮೊದಲೇ ಪೆಡಲ್ ಬಿಟ್ಟರೆ ಹೊರಹೋದ ಗಾಳಿ ಅದೇ ದಾರಿಯಲ್ಲಿ ಮರಳುತ್ತದೆ. ರಭಸದಿಂದ ಪಂಪ್ ಮಾಡಿದರೆ ದೊಡ್ಡ ಗುಳ್ಳೆ ಒಡೆದು ಸಣ್ಣ ಸಣ್ಣ ಗುಳ್ಳೆಗಳಾಗಿ ಆಯಿಲ್‌ನಲ್ಲಿ ಬೆರೆತುಹೋಗುತ್ತದೆ. ಅವು ಹೊರಬರುವುದು ಕಷ್ಟ. ಹಾಗಾಗಿದ್ದರೆ ಕಾರನ್ನು ಕೆಲವು ಗಂಟೆ ಹಾಗೆಯೇ ಬಿಟ್ಟು ಮತ್ತೆ ನಿಧಾನವಾಗಿ ಏರ್ ತೆಗೆಯಬೇಕು. ನಿಪ್ಪಲ್‌ಗೆ ಹಾಕಿದ ಪಾರದರ್ಶಕ ಕೊಳವೆಯ ತುದಿ ಬಾಟಲಿಯ ಆಯಿಲ್‌ನಲ್ಲಿ ಮುಳುಗಿರಬೇಕು. ಆಯಿಲ್ ಹೀರುವ ಪಂಪ್ ಬಳಸುವವರಿಗೆ ನಿಪ್ಪಲ್‌ನ ಥ್ರೆಡ್ ಮೂಲಕವೂ ಗಾಳಿ ನುಗ್ಗಿ, ಎಂದೂ ಮುಗಿಯದ ಗುಳ್ಳೆಗಳು ಕಾಣಿಸುವುದುಂಟು. ಅದು ಕೊಳವೆಯೊಳಗಿನ ಗಾಳಿಯಲ್ಲ.

ಮಾಸ್ಟರ್ ಸಿಲಿಂಡರ್ ಒಳಗೇ ಗಾಳಿ ಇದೆಯೇ? ಹೊಸ ಮಾಸ್ಟರ್ ಸಿಲಿಂಡರ್ ಅನ್ನು ಕಾರಿಗೆ ಜೋಡಿಸುವ ಮೊದಲೇ ಮೇಜಿನ ಮೇಲೆ ವೈಸ್‌ನಲ್ಲಿ ಹಿಡಿದು ಆಯಿಲ್ ತುಂಬಿ ಗಾಳಿ ಹೊರಹಾಕಬೇಕು. ಇದನ್ನು ಮಾಡದಿದ್ದರೆ ಗಾಳಿ ಅಲ್ಲಿಯೇ ಹಿಂದೆ ಮುಂದೆ ಓಡಾಡುತ್ತದೆಯೇ ಹೊರತು ಚಕ್ರದವರೆಗೆ ಬರುವುದಿಲ್ಲ.

ಗಾಳಿಯಲ್ಲದ ಕಾರಣಗಳೂ ಇವೆ. ಹಳೆಯ ರಬ್ಬರ್ ಹೋಸ್ ಒತ್ತಡಕ್ಕೆ ಬಲೂನಿನಂತೆ ಉಬ್ಬಿದರೂ ಪೆಡಲ್ ಮೆತ್ತಗಾಗುತ್ತದೆ. ಸಹಾಯಕರಿಗೆ ಪೆಡಲ್ ಒತ್ತಲು ಹೇಳಿ ಹೋಸ್ ಅನ್ನು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ಕ್ಯಾಲಿಪರ್ ಜಾರುವ ಪಿನ್‌ಗಳು ತುಕ್ಕು ಹಿಡಿದು ಸಿಕ್ಕಿಕೊಂಡಿದ್ದರೆ, ಪ್ಯಾಡ್‌ನ ಕಿವಿ ಬ್ರಾಕೆಟ್‌ನಲ್ಲಿ ಸರಿಯಾಗಿ ಕೂರದಿದ್ದರೆ ಅಥವಾ ಪ್ಯಾಡ್ ಹಿಂದಿನ ತಗಡು ಸೊಟ್ಟಗಾಗಿದ್ದರೆ ಪೆಡಲ್‌ನ ಬಲ ಕಬ್ಬಿಣವನ್ನು ಬಗ್ಗಿಸುವುದರಲ್ಲೇ ವ್ಯರ್ಥವಾಗುತ್ತದೆ. ಗೆರೆ ಬಿದ್ದ ಹಳೆಯ ಡಿಸ್ಕ್ ಮೇಲೆ ಹೊಸ ಪ್ಯಾಡ್ ಪೂರ್ತಿಯಾಗಿ ತಾಗುವುದಿಲ್ಲ. ಅದು ಹೊಂದಿಕೊಳ್ಳುವವರೆಗೆ ಪೆಡಲ್ ಸ್ವಲ್ಪ ಮೆತ್ತಗಿರಬಹುದು. ಆದರೆ ಹೊಂದಿಕೊಳ್ಳುವ ಪ್ಯಾಡ್‌ನ ಮೆತುತನ ದಿನದಿಂದ ದಿನಕ್ಕೆ ಕಡಿಮೆಯಾಗುತ್ತದೆ. ಗಾಳಿಯ ಮೆತುತನ ತಾನಾಗಿ ಹೋಗುವುದಿಲ್ಲ.

ಪಂಪ್ ಮಾಡಿದರೆ ಮೇಲೇರುವ ಪೆಡಲ್

ಒಂದೇ ಬಾರಿ ಒತ್ತಿದರೆ ಆಳಕ್ಕೆ ಇಳಿಯುವ ಪೆಡಲ್ ಎರಡನೆಯ ಬಾರಿಗೆ ಮೇಲೆ ಬಂದು ಮರದಂತೆ ಗಟ್ಟಿಯಾಗಿ ನಿಂತರೆ, ಗಾಳಿಗಿಂತ ಮೊದಲು ಹಿಂದಿನ ಡ್ರಮ್‌ಗಳನ್ನು ನೋಡಬೇಕು. ಬ್ರೇಕ್ ಶೂ ಮತ್ತು ಡ್ರಮ್ ನಡುವಿನ ಅಂತರ ಹೆಚ್ಚಾಗಿ, ಮೊದಲ ಒತ್ತಿನ ಆಯಿಲ್ ಆ ಅಂತರ ತುಂಬುವುದಕ್ಕೇ ಸಾಲುತ್ತದೆ. ಹ್ಯಾಂಡ್ ಬ್ರೇಕ್ ಲಿವರ್ ಎರಡು ಹಲ್ಲು ಎಳೆದು ಪೆಡಲ್ ಒತ್ತಿ ನೋಡಿದರೆ ಇದು ಖಚಿತವಾಗುತ್ತದೆ. ಪೆಡಲ್ ಆಗ ಮೇಲೆ ಬಂದರೆ ಅಂತರವೇ ದೋಷ.

ಶೂ ಬದಲಿಸುವಾಗ ಎಡ ಬಲ ಬದಿಗಳ ಅಡ್ಜಸ್ಟರ್‌ಗಳು ಅದಲು ಬದಲಾಗುವುದು ಸಾಮಾನ್ಯ. ಎರಡೂ ಬದಿಯ ಥ್ರೆಡ್ ವಿರುದ್ಧ ದಿಕ್ಕಿನಲ್ಲಿರುವ ಕಾರುಗಳಲ್ಲಿ ತಪ್ಪು ಬದಿಗೆ ಹಾಕಿದ ಅಡ್ಜಸ್ಟರ್ ಅಂತರವನ್ನು ಕಡಿಮೆ ಮಾಡುವ ಬದಲು ಹೆಚ್ಚಿಸುತ್ತದೆ. ಹ್ಯಾಂಡ್ ಬ್ರೇಕ್ ಕೇಬಲ್ ಅನ್ನು ಮೊದಲೇ ಬಿಗಿದುಬಿಟ್ಟರೂ ಸ್ವಯಂ ಹೊಂದಾಣಿಕೆ ಕೆಲಸ ಮಾಡುವುದಿಲ್ಲ. ಆದುದರಿಂದ ಕೇಬಲ್ ಸಡಿಲಿಸಿ, ಡ್ರಮ್ ತಿರುಗಿಸಿದಾಗ ಶೂ ಹಗುರವಾಗಿ ಉಜ್ಜುವಷ್ಟು ಅಡ್ಜಸ್ಟರ್ ತಿರುಗಿಸಿ, ಪೆಡಲ್ ಹಲವು ಬಾರಿ ಒತ್ತಿ ಶೂಗಳು ನಡುವೆ ಕೂರುವಂತೆ ಮಾಡಿ, ಕೊನೆಯಲ್ಲಿ ಹ್ಯಾಂಡ್ ಬ್ರೇಕ್ ಕೇಬಲ್ ಹೊಂದಿಸಬೇಕು.

ಡ್ರಮ್ ಸರಿಯಿದ್ದೂ, ನಿಂತಾಗ ಚೆನ್ನಾಗಿರುವ ಪೆಡಲ್ ತಿರುವು ದಾಟಿದ ಮೇಲೆ ಮಾತ್ರ ಆಳಕ್ಕೆ ಇಳಿದರೆ ವೀಲ್ ಬೇರಿಂಗ್ ಸಡಿಲವಾಗಿದೆ ಅಥವಾ ಡಿಸ್ಕ್ ಸೊಟ್ಟಗೆ ತಿರುಗುತ್ತಿದೆ. ಅದು ಪ್ಯಾಡ್‌ಗಳನ್ನು ಹಿಂದಕ್ಕೆ ದೂಡುತ್ತದೆ.

ಪಂಪ್ ಮಾಡಿದರೆ ಬ್ರೇಕ್ ಹಿಡಿಯುತ್ತದೆ ಎಂದು ಸಮಾಧಾನಪಟ್ಟು ಓಡಿಸುವುದು ಅತ್ಯಂತ ಅಪಾಯಕರ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಎರಡನೆಯ ಬಾರಿ ಒತ್ತಲು ಅರ್ಧ ಸೆಕೆಂಡ್ ಬೇಕಾದರೂ ಎರಡು ಕಾರುಗಳ ಉದ್ದದಷ್ಟು ದೂರ ಕಳೆದುಹೋಗಿರುತ್ತದೆ.

ನಿಧಾನವಾಗಿ ಕುಸಿಯುವ ಪೆಡಲ್

ಎರಡನೆಯ ಪರೀಕ್ಷೆಯಲ್ಲಿ ಪೆಡಲ್ ಕುಸಿದು, ಎಲ್ಲಾದರೂ ತೇವ ಕಂಡರೆ ಸೋರಿಕೆ ಅಲ್ಲೇ ಇದೆ. ಹೋಸ್ ಮತ್ತು ಕ್ಯಾಲಿಪರ್ ಸೇರುವಲ್ಲಿರುವ ತಾಮ್ರದ ವಾಷರ್‌ಗಳನ್ನು ಒಮ್ಮೆ ಬಿಚ್ಚಿದರೆ ಹೊಸದನ್ನೇ ಹಾಕಬೇಕು. ಹಿಂದಿನ ವೀಲ್ ಸಿಲಿಂಡರ್ ಸೋರಿದರೆ ಆಯಿಲ್ ಡ್ರಮ್ ಒಳಗೇ ಉಳಿಯುವುದರಿಂದ ಹೊರಗೆ ಕಾಣಿಸದು. ಡ್ರಮ್ ತೆಗೆದು ರಬ್ಬರ್ ಮುಚ್ಚಳ ಎತ್ತಿ ನೋಡಬೇಕು. ಆಯಿಲ್ ತಾಗಿದ ಶೂಗಳನ್ನು ಒರೆಸಿ ಮತ್ತೆ ಬಳಸಬಾರದು.

ಎಲ್ಲೂ ತೇವವಿಲ್ಲ, ಡಬ್ಬಿಯ ಮಟ್ಟವೂ ಇಳಿದಿಲ್ಲ, ಆದರೂ ಪೆಡಲ್ ಕುಸಿಯುತ್ತಿದೆ ಎಂದಾದರೆ ಮಾಸ್ಟರ್ ಸಿಲಿಂಡರ್ ಒಳಗಿನ ರಬ್ಬರ್ ಸೀಲ್ ದಾಟಿ ಆಯಿಲ್ ಹಿಂದಕ್ಕೆ ಜಾರುತ್ತಿದೆ. ಮುಟ್ಟದ ಭಾಗ ಕೆಡುವುದಿಲ್ಲ ಎಂಬ ಸೂತ್ರಕ್ಕೆ ಅಪವಾದ ಇರುವುದು ಇಲ್ಲಿಯೇ. ವರ್ಷಗಟ್ಟಲೆ ಓಡಿದ ಕಾರಿನಲ್ಲಿ ಪಿಸ್ಟನ್ ಸಾಮಾನ್ಯವಾಗಿ ಸಿಲಿಂಡರ್‌ನ ಮೊದಲರ್ಧದಲ್ಲೇ ಚಲಿಸಿರುತ್ತದೆ. ಉಳಿದರ್ಧದಲ್ಲಿ ಕೊಳೆ, ತುಕ್ಕು ಸೇರಿರುತ್ತದೆ. ಏರ್ ತೆಗೆಯುವಾಗ ಪೆಡಲ್ ಅನ್ನು ನೆಲದವರೆಗೆ ಒತ್ತಿದರೆ ಸೀಲ್ ಆ ಒರಟು ಜಾಗಕ್ಕೆ ಉಜ್ಜಿ ಹರಿಯುತ್ತದೆ. ಮುಂಜಾನೆ ಚೆನ್ನಾಗಿದ್ದ ಸಿಲಿಂಡರ್ ಸಂಜೆಗೆ ಕೆಡುವುದು ಹೀಗೆ. ಪೆಡಲ್ ಕೆಳಗೆ ಎರಡು ಇಂಚಿನ ಮರದ ತುಂಡು ಇಟ್ಟುಕೊಂಡು ಏರ್ ತೆಗೆದರೆ ಈ ನಷ್ಟ ತಪ್ಪುತ್ತದೆ.

ಕಲ್ಲಿನಂತೆ ಗಟ್ಟಿಯಾದ ಪೆಡಲ್

ಪೆಡಲ್ ಎತ್ತರದಲ್ಲೇ ನಿಂತು, ಎಷ್ಟು ಒತ್ತಿದರೂ ಕಾರು ಬೇಗ ನಿಲ್ಲದಿದ್ದರೆ ಮೂರನೆಯ ಮತ್ತು ನಾಲ್ಕನೆಯ ಪರೀಕ್ಷೆಗಳ ಫಲಿತಾಂಶ ನೋಡಬೇಕು. ಅವೆರಡರಲ್ಲೂ ಬೂಸ್ಟರ್ ಸೋತಿದ್ದರೆ ಕೆಲಸದ ವೇಳೆ ನಿರ್ವಾತ ಪೈಪ್ ಕಳಚಿದೆಯೇ, ಬಿರುಕು ಬಿಟ್ಟಿದೆಯೇ, ಏಕಮುಖ ವಾಲ್ವ್ ತಿರುಗುಮುರುಗಾಗಿದೆಯೇ ಎಂದು ಪರಿಶೀಲಿಸಬೇಕು. ಡೀಸೆಲ್ ಕಾರುಗಳಲ್ಲಿ ನಿರ್ವಾತಕ್ಕೆಂದೇ ಪ್ರತ್ಯೇಕ ಪಂಪ್ ಇರುವುದರಿಂದ ಅದನ್ನೂ ನೋಡಬೇಕು.

ಬೂಸ್ಟರ್ ಚೆನ್ನಾಗಿದ್ದರೆ ದೋಷ ಚಕ್ರದಲ್ಲಿದೆ. ಪ್ಯಾಡ್‌ಗೆ ಗ್ರೀಸ್ ಅಥವಾ ಆಯಿಲ್ ತಾಗಿರಬಹುದು, ಹೊಸ ಡಿಸ್ಕ್ ಮೇಲಿನ ತುಕ್ಕುರಕ್ಷಕ ಎಣ್ಣೆಯನ್ನು ಒರೆಸದೆ ಜೋಡಿಸಿರಬಹುದು, ಇಲ್ಲವೇ ಪ್ಯಾಡ್ ಕಳಪೆಯದಾಗಿರಬಹುದು. ಮುಂದಿನ ಪ್ಯಾಡ್‌ಗಳನ್ನು ಹಿಂದು ಮುಂದಾಗಿ, ಅಂದರೆ ಕಬ್ಬಿಣದ ತಗಡು ಡಿಸ್ಕ್ ಕಡೆಗೆ ಬರುವಂತೆ ಹಾಕಿದ ಪ್ರಸಂಗಗಳೂ ಉಂಟು. ಕರಕರ ಸದ್ದು ಬಂದರೆ ಕೂಡಲೇ ಚಕ್ರ ಬಿಚ್ಚಿ ನೋಡಬೇಕು.

ಒತ್ತಿದ ಮೇಲೆ ಬಿಡದ ಬ್ರೇಕ್

ಕೆಲವು ಕಿ.ಮೀ. ಓಡಿದ ನಂತರ ಪೆಡಲ್ ಬರಬರುತ್ತಾ ಮೇಲೆ ನಿಂತು, ಕಾರು ಎಳೆದಂತೆ ಭಾಸವಾಗಿ, ಚಕ್ರದ ಬಳಿ ಸುಟ್ಟ ವಾಸನೆ ಬಂದರೆ ಬ್ರೇಕ್ ಪೂರ್ತಿಯಾಗಿ ಬಿಡುತ್ತಿಲ್ಲ ಎಂದರ್ಥ. ಒಂದೇ ಚಕ್ರ ಬಿಸಿಯಾಗಿದ್ದರೆ ಆ ಚಕ್ರದ ನಿಪ್ಪಲ್ ಸಡಿಲಿಸಿ ನೋಡಬೇಕು. ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಹಿಂದಿರುಗುತ್ತಿಲ್ಲ. ರಬ್ಬರ್ ಹೋಸ್ ಒಳಗಡೆ ಮುಚ್ಚಿಕೊಂಡಿರುವ ಸಾಧ್ಯತೆ ಇದೆ. ಕ್ಯಾಲಿಪರ್ ಅನ್ನು ಹೋಸ್‌ನಿಂದಲೇ ನೇತುಬಿಟ್ಟು ಕೆಲಸ ಮಾಡಿದಾಗ ಹೀಗಾಗುತ್ತದೆ. ತಂತಿಯಿಂದ ಕ್ಯಾಲಿಪರ್ ಅನ್ನು ಸ್ಪ್ರಿಂಗ್‌ಗೆ ಕಟ್ಟಿ ನಿಲ್ಲಿಸುವುದು ಸರಿಯಾದ ಕ್ರಮ. ನಿಪ್ಪಲ್ ಬಿಚ್ಚಿದರೂ ಚಕ್ರ ಸಡಿಲವಾಗದಿದ್ದರೆ ಪಿಸ್ಟನ್ ಅಥವಾ ಜಾರು ಪಿನ್ ಸಿಕ್ಕಿಕೊಂಡಿದೆ.

ನಾಲ್ಕೂ ಚಕ್ರ ಬಿಸಿಯಾಗಿದ್ದರೆ ದೋಷ ಮೂಲದಲ್ಲಿದೆ. ಮಾಸ್ಟರ್ ಸಿಲಿಂಡರ್ ಅಥವಾ ಬೂಸ್ಟರ್ ಬದಲಿಸಿದವರು ತಳ್ಳುಗೋಲಿನ ಉದ್ದ ಪರಿಶೀಲಿಸಬೇಕು. ಅದು ಕೂದಲೆಳೆಯಷ್ಟು ಉದ್ದವಾದರೂ ಪಿಸ್ಟನ್ ಪೂರ್ತಿ ಹಿಂದೆ ಬಾರದೆ, ಡಬ್ಬಿಗೆ ಆಯಿಲ್ ಮರಳುವ ಸಣ್ಣ ರಂಧ್ರ ಮುಚ್ಚಿಕೊಳ್ಳುತ್ತದೆ. ಮತ್ತೊಂದು ಕಾರಣ ತಪ್ಪು ಆಯಿಲ್.

‘ಆಯಿಲ್’ ಎಂಬ ಹೆಸರಿನ ಗೊಂದಲ

ಗ್ಯಾರೇಜ್ ಭಾಷೆಯಲ್ಲಿ ಬ್ರೇಕ್ ಆಯಿಲ್ ಎನ್ನಲಾಗುವ ದ್ರವ ನಿಜಕ್ಕೂ ಎಣ್ಣೆಯಲ್ಲ. ಸಾಮಾನ್ಯ ಕಾರುಗಳಲ್ಲಿ ಬಳಸುವ ಡಾಟ್ 3, ಡಾಟ್ 4 ಮತ್ತು ಡಾಟ್ 5.1 ದ್ರವಗಳು ಗ್ಲೈಕಾಲ್ ಆಧಾರಿತವಾದವು. ಡಬ್ಬಿಗೆ ಎಂಜಿನ್ ಆಯಿಲ್ ಅಥವಾ ಪವರ್ ಸ್ಟಿಯರಿಂಗ್ ಆಯಿಲ್ ಹಾಕಿದರೆ ರಬ್ಬರ್ ಸೀಲ್‌ಗಳು ಉಬ್ಬಿ ಹಾಳಾಗುತ್ತವೆ; ಸೀಮೆಎಣ್ಣೆ, ಪೆಟ್ರೋಲ್‌ನಿಂದ ಭಾಗಗಳನ್ನು ತೊಳೆದರೂ ಅದೇ ಪರಿಣಾಮ. ಹೀಗಾದಾಗ ಒಂದೆರಡು ಭಾಗ ಬದಲಿಸಿದರೆ ಸಾಲದು, ಆಯಿಲ್ ತಾಗಿದ ಎಲ್ಲ ರಬ್ಬರ್ ಭಾಗಗಳನ್ನೂ ಬದಲಿಸಬೇಕಾಗುತ್ತದೆ. ಡಾಟ್ 5 ಎಂಬುದು ಸಿಲಿಕಾನ್ ಆಧಾರಿತವಾಗಿದ್ದು, ಹೆಸರು ಹತ್ತಿರವಿದೆಯೆಂದು 5.1ರ ಬದಲು ಅದನ್ನು ಬೆರೆಸಬಾರದು.

ಗ್ಲೈಕಾಲ್ ದ್ರವ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7ರಷ್ಟು ನೀರು ಸೇರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಿತಿ 140 ಡಿಗ್ರಿ ಮಾತ್ರ. ಡಾಟ್ 4ಕ್ಕೆ ಈ ಮಿತಿಗಳು 230 ಮತ್ತು 155 ಡಿಗ್ರಿ. ಕರಾವಳಿ, ಮಲೆನಾಡಿನ ತೇವದಲ್ಲಿ ವರ್ಷಗಟ್ಟಲೆ ಹಳೆಯ ದ್ರವದಲ್ಲೇ ಓಡಿದ ಕಾರು ಆಗುಂಬೆ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ನಿರಂತರ ಬ್ರೇಕ್ ಒತ್ತಿದರೆ ಕ್ಯಾಲಿಪರ್ ಬಳಿ ನೀರಿನಂಶ ಕುದಿದು ಆವಿಯಾಗುತ್ತದೆ. ಆವಿ ಗಾಳಿಯಂತೆಯೇ ಕುಗ್ಗುವುದರಿಂದ ಊರಿನಲ್ಲಿ ಗಟ್ಟಿಯಾಗಿದ್ದ ಪೆಡಲ್ ಘಾಟಿಯ ನಡುವೆ ನೆಲ ಮುಟ್ಟಬಹುದು. ತಣ್ಣಗಾದ ಮೇಲೆ ಮತ್ತೆ ಸರಿಯಾಗಿ ಕಾಣುತ್ತದೆ. ಇಂಥ ಅನುಭವವಾದವರು ಪೂರ್ತಿ ದ್ರವ ಬದಲಿಸಬೇಕು. ಇಳಿಜಾರಿನಲ್ಲಿ ಕೆಳ ಗೇರ್ ಬಳಸಬೇಕು. ತಿಂಗಳುಗಟ್ಟಲೆ ಮುಚ್ಚಳ ತೆರೆದಿಟ್ಟ ಡಬ್ಬಿಯ ದ್ರವವನ್ನಾಗಲಿ, ಬ್ಲೀಡಿಂಗ್‌ನಲ್ಲಿ ಹೊರಬಂದ ದ್ರವವನ್ನಾಗಲಿ ಮತ್ತೆ ಬಳಸಬಾರದು. ಈ ದ್ರವ ಕಾರಿನ ಬಣ್ಣವನ್ನು ಕಿತ್ತುಹಾಕುತ್ತದೆ. ಚೆಲ್ಲಿದರೆ ಕೂಡಲೇ ನೀರಿನಿಂದ ತೊಳೆಯಬೇಕು.

ಅದುರುವ ಪೆಡಲ್

ಬ್ರೇಕ್ ಒತ್ತಿದಾಗ ಪೆಡಲ್ ಲಯಬದ್ಧವಾಗಿ ಮೇಲೆ ಕೆಳಗೆ ಅದುರಿದರೆ ಡಿಸ್ಕ್ ಸೊಟ್ಟಗೆ ತಿರುಗುತ್ತಿದೆ ಅಥವಾ ಅದರ ದಪ್ಪ ಒಂದೇ ಸಮನಾಗಿಲ್ಲ. ಹೊಸ ಡಿಸ್ಕ್ ಹಾಕಿದವರಿಗೆ ಹೀಗಾದರೆ ಹಬ್‌ನ ಮುಖದ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದಿರುವುದೇ ಹೆಚ್ಚಾಗಿ ಕಾರಣ. ತೆಳ್ಳನೆಯ ತುಕ್ಕಿನ ಪದರವೂ ಡಿಸ್ಕ್ ಅಂಚಿನಲ್ಲಿ ಅನುಮತಿಸಿದ ಮಿತಿಗಿಂತ ಹೆಚ್ಚು ಓಲಾಟ ತರಬಲ್ಲದು. ಈ ಮಿತಿ ಸಾಮಾನ್ಯವಾಗಿ 0.1 ಮಿ.ಮೀ. ಆಸುಪಾಸಿನದು. ವೀಲ್ ನಟ್‌ಗಳನ್ನು ಎದುರು ಬದುರಾಗಿ, ಸಮಬಲದಿಂದ ಬಿಗಿಯದಿದ್ದರೂ ಇದೇ ತೊಂದರೆ. ಜೋರಾಗಿ ಬ್ರೇಕ್ ಹಾಕಿದಾಗ ಮಾತ್ರ ಪೆಡಲ್ ಟಕಟಕನೆ ಹಿಂದಕ್ಕೆ ತಳ್ಳಿದರೆ ಅದು ಎಬಿಎಸ್‌ನ ಸಹಜ ಕೆಲಸ. ಆದರೆ ನಿಲ್ಲುವ ಕೊನೆಯ ಕ್ಷಣದಲ್ಲಿ ಕಾರಣವಿಲ್ಲದೆ ಹೀಗಾಗುತ್ತಿದ್ದರೆ ಚಕ್ರದ ಸೆನ್ಸರ್ ಅಥವಾ ಅದರ ವೈರ್‌ಗೆ ಪೆಟ್ಟಾಗಿದೆಯೇ ಎಂದು ನೋಡಬೇಕು.

ಎಬಿಎಸ್ ಮತ್ತು ಹೊಸ ಕಾರುಗಳಲ್ಲಿ ಎಚ್ಚರ

ಭಾರತದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಇಂಥ ಕಾರುಗಳಲ್ಲಿ ಆಯಿಲ್ ಡಬ್ಬಿ ಪೂರ್ತಿ ಖಾಲಿಯಾಗಿ ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ, ಪಾದದಿಂದ ಎಷ್ಟು ಪಂಪ್ ಮಾಡಿದರೂ ಅದು ಹೊರಬರದಿರಬಹುದು. ಸ್ಕ್ಯಾನರ್ ಉಪಕರಣದ ಮೂಲಕ ಘಟಕದ ಪಂಪ್ ಮತ್ತು ವಾಲ್ವ್‌ಗಳನ್ನು ಚಾಲೂ ಮಾಡಿ ಏರ್ ತೆಗೆಯಬೇಕಾಗುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಹಿಂದಿನ ಪಿಸ್ಟನ್ ಅನ್ನು ಸರ್ವಿಸ್ ಮೋಡ್‌ಗೆ ತಾರದೆ ಬಲವಂತವಾಗಿ ತಳ್ಳಿದರೆ ಮೋಟರ್ ಹಾಳಾಗುತ್ತದೆ. ಹೈಬ್ರಿಡ್ ಮತ್ತು ವಿದ್ಯುತ್ ಚಾಲಿತ ಕಾರುಗಳ ಪೈಕಿ ಹಲವದರಲ್ಲಿ ಪೆಡಲ್‌ನ ಸ್ಪರ್ಶವನ್ನೇ ಕೃತಕವಾಗಿ ರೂಪಿಸಲಾಗಿರುತ್ತದೆ. ಅಲ್ಲಿ ಮೇಲಿನ ಪರೀಕ್ಷೆಗಳು ಅನ್ವಯಿಸುವುದಿಲ್ಲ. ಆ ಕಾರುಗಳ ಬ್ರೇಕ್ ಕೊಳವೆಗಳನ್ನು ಮನೆಯಲ್ಲಿ ಬಿಚ್ಚದಿರುವುದೇ ಲೇಸು.

ರಸ್ತೆಗಿಳಿಯುವ ಮುನ್ನ

ಎಂಜಿನ್ ಆಫ್ ಇರುವಾಗ ಮೊದಲ ಒತ್ತಿನಲ್ಲೇ ಪೆಡಲ್ ಗಟ್ಟಿಯಾಗಿ ಮೇಲೆ ನಿಲ್ಲಬೇಕು. ಒಂದು ನಿಮಿಷ ಹಿಡಿದರೂ ಕುಸಿಯಬಾರದು. ಎಂಜಿನ್ ಚಾಲೂ ಮಾಡಿದಾಗ ತುಸು ಇಳಿದು ನಿಲ್ಲಬೇಕು. ಡ್ಯಾಶ್‌ಬೋರ್ಡ್‌ನ ಕೆಂಪು ಬ್ರೇಕ್ ದೀಪ ಆರಿರಬೇಕು. ನಾಲ್ಕೂ ಚಕ್ರಗಳಲ್ಲಿ ತೇವವಿರಬಾರದು. ಇವೆಲ್ಲ ಸರಿಯಿದ್ದರೆ ಆವರಣದೊಳಗೆ ನಡಿಗೆಯ ವೇಗದಲ್ಲಿ ಕಾರನ್ನು ಚಲಿಸಿ ನಿಲ್ಲಿಸಬೇಕು; ಹ್ಯಾಂಡ್ ಬ್ರೇಕ್ ಮೇಲೆ ಒಂದು ಕೈ ಇರಲಿ. ನಂತರ ವಾಹನ ಸಂಚಾರವಿಲ್ಲದ ರಸ್ತೆಯಲ್ಲಿ 30 ಕಿ.ಮೀ. ವೇಗದಿಂದ ಹಲವು ಬಾರಿ ನಿಧಾನಗೊಳಿಸಿ, ಕಾರು ಒಂದು ಬದಿಗೆ ಎಳೆಯುತ್ತದೆಯೇ ಎಂದು ನೋಡಬೇಕು. ಮರಳಿ ಬಂದು ಆಯಿಲ್ ಮಟ್ಟ, ಸೋರಿಕೆ, ವೀಲ್ ನಟ್‌ಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಹೊಸ ಪ್ಯಾಡ್ ಹೊಂದಿಕೊಳ್ಳುವವರೆಗೆ ಮೊದಲ ಕೆಲವು ನೂರು ಕಿ.ಮೀ. ತುರ್ತು ಸಂದರ್ಭದ ಹೊರತು ಜೋರಾಗಿ ಬ್ರೇಕ್ ಹಾಕದಿರುವುದು ಒಳಿತು.

ಒಂದೇ ನೋಟದಲ್ಲಿ

* ಮೊದಲ ಒತ್ತಿಗೆ ನೆಲ ಮುಟ್ಟಿ, ಪಂಪ್ ಮಾಡಿದ ಮೇಲೆ ಗಟ್ಟಿಯಾಗಿಯೇ ಉಳಿದರೆ: ಪ್ಯಾಡ್ ಕೂರುವ ಸಹಜ ಕ್ರಿಯೆ.
* ಸ್ಪಂಜಿನಂತೆ ಪುಟಿದರೆ: ಗಾಳಿ, ಕ್ಯಾಲಿಪರ್ ಅದಲು ಬದಲು, ಉಬ್ಬುವ ಹೋಸ್.
* ಪ್ರತಿ ಸಲವೂ ಪಂಪ್ ಮಾಡಿದ ಮೇಲಷ್ಟೇ ಗಟ್ಟಿಯಾದರೆ: ಹಿಂದಿನ ಶೂಗಳ ಅಂತರ, ಬೇರಿಂಗ್ ಸಡಿಲಿಕೆ.
* ಹಿಡಿದಾಗ ಕುಸಿದರೆ: ಹೊರ ಸೋರಿಕೆ ಅಥವಾ ಮಾಸ್ಟರ್ ಸಿಲಿಂಡರ್ ಸೀಲ್.
* ಕಲ್ಲಿನಂತಿದ್ದರೆ: ಬೂಸ್ಟರ್, ನಿರ್ವಾತ ಪೈಪ್, ಎಣ್ಣೆ ತಾಗಿದ ಪ್ಯಾಡ್.
* ಓಡುತ್ತಾ ಮೇಲೇರಿ ಬ್ರೇಕ್ ಬಿಡದಿದ್ದರೆ: ತಳ್ಳುಗೋಲಿನ ಉದ್ದ, ಮುಚ್ಚಿದ ಹೋಸ್, ತಪ್ಪು ಆಯಿಲ್.
* ಅದುರಿದರೆ: ಹಬ್ ತುಕ್ಕು, ಡಿಸ್ಕ್ ಓಲಾಟ, ನಟ್ ಬಿಗಿತ.

ಈ ಪರೀಕ್ಷೆಗಳಲ್ಲಿ ಒಂದಾದರೂ ವಿಫಲವಾದರೆ ಕಾರನ್ನು ಗ್ಯಾರೇಜ್‌ವರೆಗೆ ‘ನಿಧಾನವಾಗಿ ಓಡಿಸಿಕೊಂಡು’ ಹೋಗುವ ಯೋಚನೆ ಬೇಡ. ಮೆಕ್ಯಾನಿಕ್ ಅನ್ನು ಮನೆಗೆ ಕರೆಸುವುದು ಅಥವಾ ಲಾರಿಯ ಮೇಲೆ ಕಾರನ್ನು ಸಾಗಿಸುವುದು ಸ್ವಲ್ಪ ಖರ್ಚಿನ ಮಾತಾದರೂ ಅದೇ ಸುರಕ್ಷಿತ. ಹಾಗೆ ಒಪ್ಪಿಸುವಾಗಲೂ ‘ಬ್ರೇಕ್ ಸರಿಯಿಲ್ಲ’ ಎಂದಷ್ಟೇ ಹೇಳದೆ, ಯಾವ ಭಾಗ ಬಿಚ್ಚಲಾಗಿತ್ತು, ಯಾವ ಪರೀಕ್ಷೆಯಲ್ಲಿ ಪೆಡಲ್ ಹೇಗೆ ವರ್ತಿಸಿತು ಎಂಬುದನ್ನು ತಿಳಿಸಿದರೆ ಬೇಡದ ಭಾಗ ಬದಲಿಸುವ ಖರ್ಚು ಉಳಿಯುತ್ತದೆ, ನಿಜವಾದ ದೋಷವೂ ಬೇಗ ಸಿಗುತ್ತದೆ.